ಫೈಲಾಕಾದಲ್ಲಿ ಕಾಲಿಗೆ ನೀರು

ಹೆಣ್ಣು ನೋಡಲು ಬಂದವರಿಗೆ ಮೊದಲು ಕಾಲಿಗೆ ನೀರು ಕೊಡಬೇಕು. ಇಷ್ಟು ಮಾತನ್ನು ಬಸಲಿಂಗವ್ವ ವಿಜಯಪುರದಿಂದ ಫೋನ್ ಮಾಡಿ ಮಾಡಿ ಗಂಡನ ತಲೆಗೆ ತುಂಬಿದಳು. ಬೆಳಿಗ್ಗೆ ಹೇಳಿದಳು, ಸಂಜೆ ಹೇಳಿದಳು, ಮಲಕಾಜಪ್ಪ ಕುವೈತಿನ ಸಬ್ಹಾನಿನ ಫ್ಯಾಕ್ಟರಿಯಲ್ಲಿ ಏಸಿ ಡಕ್ಟಿನೊಳಗೆ ತಲೆ ತೂರಿಸಿಕೊಂಡಿದ್ದಾಗಲೂ ಹೇಳಿದಳು. "ಎಲ್ಲಾ ಮರತರೂ ನಡೀತೈತಿ, ಇದೊಂದ ಮರೀಬ್ಯಾಡ್ರಿ. ನೀರು ಕೊಡಲಿಲ್ಲ ಅಂದ್ರ ಹೊಸ್ತಿಲ ದಾಟಂಗಿಲ್ಲ ಆ ಹುಡುಗನ ತಾಯಿ. ಜಮಖಂಡಿ ಮಂದಿ ಅವರು."

ಹೊಸ್ತಿಲು ಎಲ್ಲಿಂದ ಬಂತು ಮಣ್ಣು! ಹೆಣ್ಣು ತೋರಿಸುವುದು ಮನೆಯಲ್ಲಿದ್ದರೆ ತಾನೆ ಹೊಸ್ತಿಲು? ಮಗಳು ಸಾಕ್ಷಿ ಅದಕ್ಕೆ ಮೊದಲೇ ಕಲ್ಲು ಹಾಕಿದ್ದಳು. ಜಾಬ್ರಿಯಾದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಶುಕ್ರವಾರ ರಜೆ ಬಂತೆಂದರೆ ಕೊರಳಿಗೆ ದುರ್ಬೀನು, ಕಣ್ಣು ಮುಗಿಲಿಗೆ. ವಸಂತದಲ್ಲಿ ಆಫ್ರಿಕಾ ಕಡೆಯಿಂದ ಉತ್ತರಕ್ಕೆ ಹೊರಟ ಹಕ್ಕಿಗಳು ದಾರಿಯಲ್ಲಿ ದಣಿದು ಫೈಲಾಕಾ ದ್ವೀಪದಲ್ಲಿ ಇಳಿಯುತ್ತವಂತೆ. ಏಪ್ರಿಲ್ ತಿಂಗಳ ಶುಕ್ರವಾರ ಅವಳನ್ನು ಮನೆಯಲ್ಲಿ ಕೂರಿಸಲು ದೇವರಿಂದಲೂ ಆಗದು. "ಅಪ್ಪಾ, ಮೈಗ್ರೇಶನ್ ಯಾರ ಸಲುವಾಗಿನೂ ವೇಟ್ ಮಾಡಂಗಿಲ್ಲ. ಆ ಹುಡುಗ ವೇಟ್ ಮಾಡ್ಲಿ. ಇಲ್ಲಾಂದ್ರ ಫೈಲಾಕಾಕ್ಕ ಬರ್ಲಿ. ಸಿಂಪಲ್," ಅಂದಿದ್ದಳು. ಹುಡುಗ ಕಾಯುತ್ತಿದ್ದನೇನೋ. ಅವನ ತಾಯಿ ಗುರುಸಿದ್ದವ್ವ ಕಾಯುವಂತಿರಲಿಲ್ಲ, ಆಕೆಯ ವಿಸಿಟ್ ವೀಸಾ ಭಾನುವಾರಕ್ಕೆ ಖಲಾಸ್.

ಮಲಕಾಜಪ್ಪನ ಸಂಕಟವೇ ಬೇರೆ. ಜೂನಿಗೆ ಅವನ ನೌಕರಿ ಮುಗಿಯುತ್ತದೆ, ಅದರ ಜೊತೆ ಈ ದೇಶದಲ್ಲಿರುವ ಪರವಾನಗಿ ಇಕಾಮಾನೂ ಮುಗಿಯುತ್ತದೆ. ಬಸಲಿಂಗವ್ವ ಮುಂಚೆಯೇ ಹೋಗಿ ವಿಜಯಪುರದ ಮನೆಗೆ ಬಣ್ಣ ಹೊಡೆಸುತ್ತಿದ್ದಾಳೆ. ಸಾಕ್ಷಿ ಮಾತ್ರ ಹುಟ್ಟಿ ಬೆಳೆದ ಊರು ಇದೇ, ಕೆಲಸ ಇಲ್ಲೇ, ತಾನು ಬರುವುದಿಲ್ಲ ಎಂದು ಕೂತಿದ್ದಾಳೆ. ಇರುವವಳು ಒಬ್ಬಳೇ ಮಗಳು. ಅವಳನ್ನು ಈ ಊರಿನ ಫ್ಲ್ಯಾಟಿನಲ್ಲಿ ಒಂಟಿಯಾಗಿ ಬಿಟ್ಟು ವಿಮಾನ ಹತ್ತುವುದನ್ನು ನೆನೆದರೆ ಅವನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹುಡುಗ ಶ್ರೀಕಾಂತ ವಫ್ರಾದ ತೋಟದಲ್ಲಿ ಗ್ರೀನ್‌ಹೌಸುಗಳಿಗೆ ನೀರು ಹಾಯಿಸುವ ಎಂಜಿನಿಯರ್. ನಮ್ಮ ಕಡೆಯವನು, ಕುವೈತಿನಲ್ಲೇ ಇರುವವನು, ಕುಡಿತ ಇಲ್ಲ ಸೇದೋದಿಲ್ಲ. ಈ ಸಂಬಂಧ ಕೂಡಿಬಂದರೆ ಮಲಕಾಜಪ್ಪ ನೆಮ್ಮದಿಯಾಗಿ ಊರಿಗೆ ಹೋದಾನು, ತಪ್ಪಿತೋ ಹೋದಲ್ಲೂ ನಿದ್ದೆ ಇಲ್ಲ.

ಹೀಗಾಗಿ ಆ ಶುಕ್ರವಾರ ಬೆಳಿಗ್ಗೆ ಸಾಲ್ಮಿಯಾದ ದೋಣಿಕಟ್ಟೆಯಲ್ಲಿ ಅವನು ನಿಂತಿದ್ದ ಅವತಾರ ನೋಡಬೇಕಿತ್ತು. ಇಸ್ತ್ರಿ ಮಾಡಿದ ಸಫಾರಿ ಸೂಟು, ಹೆಗಲ ಮೇಲೆ ನಲ್ಲಿ ಇರುವ ದೊಡ್ಡ ನೀರಿನ ಕ್ಯಾನು, ಬಗಲಲ್ಲಿ ಸುತ್ತಿದ ಜಮಖಾನ, ಒಂದು ಕೈಯಲ್ಲಿ ಹಿತ್ತಾಳೆ ತಂಬಿಗಿ, ಇನ್ನೊಂದರಲ್ಲಿ ಶಿರಾ ಉಪ್ಪಿಟ್ಟಿನ ಡಬ್ಬಿ. ದ್ವೀಪದಲ್ಲಿ ನೀರು ಸಿಕ್ಕೀತೋ ಇಲ್ಲವೋ ಎಂದು ಮನೆಯಿಂದಲೇ ಹೊತ್ತು ತಂದಿದ್ದ.

"ಎಂತದು ಮಾರಾಯ್ರೆ ಇದು, ಮನೆ ಖಾಲಿ ಮಾಡಿದ್ದಾ?" ಅಂದರು ಅಲೋಶಿಯಸ್.

ಅಲೋಶಿಯಸ್ ಮಂಗಳೂರಿನವರು, ಒಂದು ಆಫೀಸಿನಲ್ಲಿ ಅಕೌಂಟೆಂಟ್. ವಾರವೆಲ್ಲ ಸೌಮ್ಯ ಮನುಷ್ಯ. ಶುಕ್ರವಾರ ಹಕ್ಕಿ ನೋಡುವ ತಂಡಕ್ಕೆ ನಾಯಕರಾದರೆಂದರೆ ಮಿಲಿಟರಿ. ಹಿಂದಿನ ದಿನವೇ ಎಲ್ಲರಿಗೂ ಮೆಸೇಜು ಹಾಕಿದ್ದರು: ಮಣ್ಣಿನ ಬಣ್ಣದ ಬಟ್ಟೆ, ಸೆಂಟು ಬೇಡ, ಮಾತು ಬೇಡವೇ ಬೇಡ.

ಅಷ್ಟರಲ್ಲಿ ಗುರುಸಿದ್ದವ್ವ ಬಂದಳು. ಹಸಿರು ಇಳಕಲ್ ಸೀರೆ, ಅದಕ್ಕೆ ರಕ್ತಗೆಂಪು ಸೆರಗು, ಎರಡೂ ಮುಂಗೈ ತುಂಬ ಗಾಜಿನ ಬಳೆ, ಮುಡಿಯಲ್ಲಿ ಮಲ್ಲಿಗೆ. ಹಿಂದೆ ಶ್ರೀಕಾಂತ. ಅರಿಶಿನದಷ್ಟು ಹಳದಿಯಾದ ಹೊಸ ಅಂಗಿ, ಅದರ ಮೇಲೆ ಅವನ ಕಫೀಲ್ ಧಣಿ ಹಬ್ಬಕ್ಕೆ ಕೊಟ್ಟ ಅತ್ತರು. ಅತ್ತರು ಮೊದಲು ಬಂತು, ಹುಡುಗ ಆಮೇಲೆ ಬಂದ. ಅಲೋಶಿಯಸ್ ಟೋಪಿ ತೆಗೆದು ಬೆವರು ಒರೆಸಿಕೊಂಡರು. ಉಳಿದ ಸದಸ್ಯರು ಇವರ ಮುಖವನ್ನೂ ನೋಡದೆ ದೋಣಿಯ ಹಿಂಬದಿಗೆ ಸರಿದರು.

ದೋಣಿ ಹೊರಟಿತು. ಸಾಕ್ಷಿ ಮುಂಭಾಗದಲ್ಲಿ ನಿಂತಿದ್ದಳು. ಅಲೋಶಿಯಸ್ ಹೋಗಿ, "ಏಯ್, ಲೈಫ್ ಜಾಕೆಟ್ ಹಾಕು ಮೊದ್ಲು. ತಿಂಡಿ ತಿಂದಿದ್ದೀಯಾ ಇಲ್ವಾ?" ಎಂದು ಗದರಿ, ಜೇಬಿನಿಂದ ಬಾಳೆಹಣ್ಣು ತೆಗೆದು ಕೊಟ್ಟು ಬಂದರು. ಗುರುಸಿದ್ದವ್ವ ಇದನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಅಣ್ಣಾರ, ಇವ್ರು ಹುಡುಗಿ ಸೋದರಮಾವ ಹೌದಲ್ರಿ?"

ನಿಜವಾದ ಸೋದರಮಾವ ವಿಜಯಪುರದ ಹತ್ತಿರದ ಇಂಡಿಯಲ್ಲಿ ಕಬ್ಬಿನ ಲಾರಿ ಓಡಿಸಿಕೊಂಡಿದ್ದ. ಹೆಣ್ಣಿನ ಕಡೆಯಿಂದ ತಾನೊಬ್ಬನೇ ಬಂದಿದ್ದೇನೆ, ಹೆಂಡತಿಯೂ ಇಲ್ಲ, ಹತ್ತಿರದವರು ಯಾರೂ ಇಲ್ಲ ಅಂದರೆ ಎಷ್ಟು ಕಳೆಗುಂದಿದಂತೆ ಕಾಣುತ್ತದೋ ಏನೋ ಎಂದು ಮಲಕಾಜಪ್ಪನಿಗೆ ಅನಿಸಿತು. ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಸಮುದ್ರ ನೋಡುತ್ತ ಕೆಮ್ಮಿದ. ಗುರುಸಿದ್ದವ್ವ ಅದನ್ನು ಹೌದು ಎಂದೇ ಹಿಡಿದಳು.

"ಅಲ್ರಿ, ಈ ಹಕ್ಕಿ ನೋಡೂದು ಅಂದ್ರೇನು? ಹಿಡೀತಾರೇನು?"

"ಇಲ್ರಿ ಅಕ್ಕಾರ."

"ಸಾಕ್ತಾರ?"

"ಇಲ್ರಿ. ನೋಡ್ತಾರ."

"ನೋಡಿ?"

"ನೋಡಿ ಮನಿಗೆ ಬರ್ತಾರ."

ಗುರುಸಿದ್ದವ್ವ ಬಹಳ ಹೊತ್ತು ಯೋಚಿಸಿದಳು. ಇಷ್ಟು ಹೊತ್ತು ಆಕೆ ಬಾಯಿ ಮುಚ್ಚಿದ್ದು ಅದೇ ಮೊದಲು ಎಂಬುದು ಶ್ರೀಕಾಂತನ ಮುಖ ನೋಡಿದರೆ ತಿಳಿಯುತ್ತಿತ್ತು. ಆಮೇಲೆ ಅಂದಳು: "ಇರ್ಲಿ ಬಿಡ್ರಿ, ಹುಡುಗಾಟಕಿ ವಯಸ್ಸು. ಲಗ್ನ ಆದಮ್ಯಾಲೆ ಈ ತಿರುಗಾಟ ಎಲ್ಲಾ ಬಿಡ್ತಾಳಲ್ಲ?"

"ಬಿಡ್ತಾಳ್ರಿ, ಬಿಡದ ಏನ ಮಾಡ್ತಾಳ!" ಅಂದುಬಿಟ್ಟ ಮಲಕಾಜಪ್ಪ. "ನಮ್ಮ ಸಾಕ್ಷಿ ಹೇಳಿದಂಗ ಕೇಳೂ ಹುಡುಗಿ. ನಾಳೆ ಬಿಡು ಅಂದ್ರ ನಾಳೆನ ಬಿಡ್ತಾಳ."

ಹಾಳಾದ ಗಾಳಿ ಹಿಂದಿನಿಂದ ಮುಂದಕ್ಕೆ ಬೀಸುತ್ತಿತ್ತು. ಸಾಕ್ಷಿ ತಿರುಗಿ ನೋಡಿದಳು. ತಿನ್ನುತ್ತಿದ್ದ ಬಾಳೆಹಣ್ಣನ್ನು ಅರ್ಧಕ್ಕೇ ಸಿಪ್ಪೆಯಲ್ಲಿ ಸುತ್ತಿಟ್ಟು ಮತ್ತೆ ಆ ಕಡೆ ಮುಖ ಮಾಡಿದಳು. ಕೆಲಸ ಆಗಬೇಕಲ್ಲ, ಆಮೇಲೆ ಸಮಾಧಾನ ಮಾಡಿದರಾಯಿತು ಎಂದು ಮಲಕಾಜಪ್ಪ ತನಗೆ ತಾನೇ ಹೇಳಿಕೊಂಡ.

ಫೈಲಾಕಾದಲ್ಲಿ ಇಳಿದರೆ ಕಾಣುವುದು ಇರಾಕ್ ದಾಳಿ ಮಾಡಿದಾಗ ಜನ ಬಿಟ್ಟುಹೋದ ಮನೆಗಳು, ಗುಂಡು ತಾಗಿದ ಗೋಡೆಗಳು, ಮರಳು. ಉಳಿದವರು ಕಡಲ ದಂಡೆಯ ಕಡೆ ಚದುರಿಹೋದರು. ಅಲೋಶಿಯಸ್ ಇವರನ್ನು ಹಾಳುಬಿದ್ದ ಮನೆಯೊಂದರ ಅಂಗಳಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಂದೇ ಒಂದು ಅಥಲ್ ಮರ. ಸುತ್ತಮುತ್ತ ಬೇರೆ ಹಸಿರಿಲ್ಲದ್ದರಿಂದ ದಣಿದು ಬಂದ ಹಕ್ಕಿ ಎಲ್ಲವೂ ಅದಕ್ಕೇ ಇಳಿಯಬೇಕು.

"ನೋಡಿ," ಪಿಸುದನಿಯಲ್ಲಿ ಅಂದರು, "ವೈಟ್ ಥ್ರೋಟೆಡ್ ರಾಬಿನ್ ಅಂತ ಒಂದು ಹಕ್ಕಿ ಉಂಟು. ಬೂದು ಬೆನ್ನು, ಬಿಳಿ ಗಂಟಲು, ಇಟ್ಟಿಗೆ ಬಣ್ಣದ ಎದೆ. ಎಷ್ಟೋ ವರ್ಷದಿಂದ ಬರ್ತಾ ಇದ್ದೇನೆ ನಾನು. ಎಲ್ರಿಗೂ ಕಾಣ್ತದೆ, ನಂಗೆ ಮಾತ್ರ ಇಲ್ಲ. ಇವತ್ತು ಗಾಳಿ ಸರಿ ಉಂಟು. ದಯವಿಟ್ಟು ಗಲಾಟೆ ಮಾಡ್ಬೇಡಿ, ನಿಮ್ಗೆ ಕೈ ಮುಗೀತೇನೆ." ಅಷ್ಟು ಹೇಳಿ ಕ್ಯಾಮೆರಾವನ್ನು ಮುರಿದ ಗೋಡೆಯ ಹಿಂದೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರು. ಸಾಕ್ಷಿ ಅಲ್ಲೇ ಪಕ್ಕಕ್ಕೆ ಕೂತಳು. ಅಪ್ಪನ ಕಡೆ ನೋಡಲಿಲ್ಲ.

ಗುರುಸಿದ್ದವ್ವ ಮಾತ್ರ ನೇರ ಹೋಗಿ ಮರದ ಬುಡದಲ್ಲಿ ನಿಂತಳು. ನೆರಳಿರುವುದು ಅಲ್ಲೊಂದೇ ಕಡೆ, ಮತ್ತೆಲ್ಲಿ ನಿಲ್ಲಬೇಕು? ಅಲೋಶಿಯಸ್ ಗೋಡೆಯ ಹಿಂದಿನಿಂದ ಎರಡೂ ಕೈ ಬೀಸಿದರು. ಈಕೆಯೂ ಅವರಿಗೆ ಕೈ ಬೀಸಿದಳು. ಬಳೆ ಘಲಘಲ ಅಂದವು. ಮರದಲ್ಲಿದ್ದ ಯಾವುದೋ ನಾಲ್ಕು ಹಕ್ಕಿ ಬುರ್ರೆಂದು ಹಾರಿ ಇರಾಕಿನ ದಿಕ್ಕಿಗೆ ಹೋದವು.

"ಅಣ್ಣಾರ, ಜಮಖಾನ ಇಲ್ಲೇ ಹಾಸ್ರಿ," ಎಂದಳು ಗುರುಸಿದ್ದವ್ವ. ಹಾಸುವ ತನಕ ನಿಂತೇ ಇದ್ದಳು. ಹಾಸಿದ ಮೇಲೂ ನಿಂತೇ ಇದ್ದಳು. ಚಪ್ಪಲಿ ಬಿಟ್ಟು ಒಂದು ಚಪ್ಪಟೆ ಕಲ್ಲಿನ ಮೇಲೆ ನಿಂತು ಆಕಾಶ ನೋಡತೊಡಗಿದಳು. ಆ ನಿಲುವಿನ ಅರ್ಥ ಮಲಕಾಜಪ್ಪನಿಗೆ ತಟ್ಟನೆ ಹೊಳೆಯಿತು. ಬಸಲಿಂಗವ್ವಾ, ನೀ ನನ್ನ ಮಾನ ಉಳಿಸಿದಿ ಎಂದು ಮನಸ್ಸಿನಲ್ಲೇ ಕೈ ಮುಗಿದು, ಓಡಿಹೋಗಿ ಕ್ಯಾನು ಎತ್ತಿದ. ಎತ್ತಿದ್ದಷ್ಟೇ ಗೊತ್ತು, ಸೊಂಟದಲ್ಲಿ ಕಳಕ್ ಅಂತು. ಹೇಗೋ ಕ್ಯಾನನ್ನು ಕಲ್ಲಿನ ಪಕ್ಕಕ್ಕೆ ಇಳಿಸಿದ, ತಾನು ಮಾತ್ರ ಮೇಲೇಳಲು ಆಗದೆ, ಬಾಗಲೂ ಆಗದೆ ನಡುವೆಯೇ ನಿಂತ.

"ಅಯ್ಯ, ಉಳುಕಿತೇನು? ಹಂಗ ಇರ್ರಿ, ಅಲುಗಬ್ಯಾಡ್ರಿ. ಸೋದರಮಾವ ಅದಾರಲ್ಲ," ಎಂದು ಗುರುಸಿದ್ದವ್ವ ಗೋಡೆಯ ಕಡೆ ತಿರುಗಿ ಹೊಲದ ಆಚೆ ಇರುವವರನ್ನು ಕರೆಯುವ ದನಿಯಲ್ಲಿ ಕೂಗಿದಳು: "ಮಾವಾರ! ಬರ್ರಿ ಇಲ್ಲೆ! ಕಾಲಿಗೆ ನೀರು ಹಾಕ್ರಿ!"

ಅಲೋಶಿಯಸ್ ಬಂದದ್ದು ಆ ಬಾಯಿಯನ್ನು ಹೇಗಾದರೂ ಮುಚ್ಚಿಸಲಿಕ್ಕೆ. "ಶ್ಶ್! ಅಮ್ಮಾ, ಒಂದು ಸಲ ಮೆಲ್ಲ ಮಾತಾಡಿ ನೀವು, ನಿಮ್ಗೆ ಪುಣ್ಯ ಬರ್ತದೆ," ಅನ್ನುವುದರೊಳಗೆ ತಂಬಿಗಿ ಅವರ ಕೈಯಲ್ಲಿತ್ತು. ಹೆಣ್ಣಿನ ಮಾವ ಯಾರು, ಕಾಲು ಯಾಕೆ, ನೀರು ಯಾಕೆ, ಒಂದೂ ತಿಳಿಯದೆ ಅವರು ಮಲಕಾಜಪ್ಪನ ಮುಖ ನೋಡಿದರು. ಮಲಕಾಜಪ್ಪ ಅರ್ಧ ಬಾಗಿದಲ್ಲಿಂದಲೇ ಕಣ್ಣಲ್ಲಿ ಬೇಡಿಕೊಂಡ. ಹಾಕಿದರೆ ಸುಮ್ಮನಾದಾಳು ಎಂದು ಲೆಕ್ಕ ಹಾಕಿದ ಅಲೋಶಿಯಸ್ ಕುಕ್ಕರುಗಾಲಲ್ಲಿ ಕೂತು ನೀರು ಹಾಕತೊಡಗಿದರು. ಗುರುಸಿದ್ದವ್ವ ಕಡಿಮೆ ನೀರಿಗೆ ಒಪ್ಪುವವಳಲ್ಲ. "ಹಿಮ್ಮಡಕ್ಕ ಹಾಕ್ರಿ. ಈ ಕಾಲಿಗೆ ಹಾಕ್ರಿ. ಇನ್ನೊಂದ ತಂಬಗಿ ತಗೋರಿ." ಶ್ರೀಕಾಂತ ಜಮಖಾನದ ಮೇಲೆ ಮಲಗಿದಂತೆ ಒರಗಿ ಕ್ಯಾನಿನ ನಲ್ಲಿ ಹಿಡಿದು ತಂಬಿಗಿ ತುಂಬಿಸಿಕೊಡುತ್ತಿದ್ದ. ಒಣ ಮಣ್ಣಿನ ಮೇಲೆ ಕಲ್ಲಿನ ಸುತ್ತ ಕೆರೆಯಂತೆ ನೀರು ನಿಂತಿತು.

ಇದ್ದಕ್ಕಿದ್ದಂತೆ ಅಲೋಶಿಯಸ್ ಕೈ ನಿಂತಿತು.

"ಅಮ್ಮಾ," ತುಟಿ ಅಲ್ಲಾಡಿಸದೆ ಅಂದರು, "ಅಲ್ಲಾಡ್ಬೇಡಿ. ಒಂದು ಚೂರೂ ಅಲ್ಲಾಡ್ಬೇಡಿ."

"ಹಾವೇನು?" ಗುರುಸಿದ್ದವ್ವನ ದನಿ ಅಡಗಿಹೋಯಿತು. ಆಕೆ ಕಲ್ಲಾದಳು. ಕಣ್ಣು ಮಾತ್ರ ಮೆಲ್ಲಗೆ ಕೆಳಗಿಳಿದವು.

ಹಾವಲ್ಲ. ಬೂದು ಬೆನ್ನು, ಬಿಳಿ ಗಂಟಲು, ಇಟ್ಟಿಗೆ ಬಣ್ಣದ ಎದೆ. ಎಲ್ಲಿಂದ ಬಂತೋ, ಎಷ್ಟು ದಿನದ ದಾಹವೋ, ಇಳಕಲ್ ಸೀರೆಯನ್ನೂ ಬಳೆಯನ್ನೂ ಅತ್ತರನ್ನೂ ಕ್ಯಾರೇ ಅನ್ನದೆ ಅದು ಗುರುಸಿದ್ದವ್ವನ ಎಡಗಾಲಿನ ಉಂಗುರದ ಪಕ್ಕದಲ್ಲಿ ನಿಂತು ನೀರಿಗೆ ಕೊಕ್ಕು ಅದ್ದಿತು, ತಲೆ ಎತ್ತಿತು, ಮತ್ತೆ ಅದ್ದಿತು.

ಪಾಪ ಅಲೋಶಿಯಸ್! ಇಷ್ಟು ವರ್ಷ ಕಾದ ಹಕ್ಕಿ ಮೊಳದ ದೂರದಲ್ಲಿದೆ, ಕ್ಯಾಮೆರಾ ಗೋಡೆಯ ಹಿಂದಿದೆ, ಕೈಯಲ್ಲಿ ತಂಬಿಗಿ ಇದೆ. ಕೂತಲ್ಲಿಂದ ಏಳುವಂತಿಲ್ಲ. ಒಣ ಮಣ್ಣು ನೀರು ಹೀರತೊಡಗಿತು. ಇನ್ನೇನು ಹಕ್ಕಿ ಹಾರಿತು ಅನ್ನುವಾಗ ಶ್ರೀಕಾಂತ ಒರಗಿದಲ್ಲಿಂದಲೇ ಎರಡು ಬೆರಳಲ್ಲಿ ನಲ್ಲಿಯನ್ನು ಇಷ್ಟೇ ಇಷ್ಟು ತಿರುಗಿಸಿದ. ತಟ್, ತಟ್, ಎಂದು ಹನಿ ಬೀಳತೊಡಗಿತು. ಅವನ ಹೊಸ ಅಂಗಿಯ ತೋಳು ಕೆಸರಲ್ಲಿ ನೆನೆಯಿತು. ಅವನು ತೋಳು ಎಳೆದುಕೊಳ್ಳಲಿಲ್ಲ. ಹಕ್ಕಿ ಹನಿಯ ಕೆಳಗೆ ಹೋಗಿ ರೆಕ್ಕೆ ಬಿಚ್ಚಿ ಸ್ನಾನಕ್ಕೇ ನಿಂತಿತು.

ಮಲಕಾಜಪ್ಪ ಅರ್ಧ ಬಾಗಿಕೊಂಡಿದ್ದವನು ಕತ್ತು ಮಾತ್ರ ಹೊರಳಿಸಬಹುದಿತ್ತು. ಅವನ ಕತ್ತು ಗೋಡೆಯ ಕಡೆಗಿತ್ತು. ಅಲ್ಲಿ ಸಾಕ್ಷಿ ದುರ್ಬೀನು ಕೆಳಗಿಳಿಸಿ ಬರಿಗಣ್ಣಲ್ಲಿ ನೋಡುತ್ತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಒಂದು ಕೈ ಎದೆಯ ಮೇಲಿತ್ತು. ಆ ಮುಖದಲ್ಲಿ ಒಂದು ಬೆಳಕು ಇತ್ತು, ಅದನ್ನು ಮಲಕಾಜಪ್ಪ ಎಂದೂ ಕಂಡಿರಲಿಲ್ಲ. ಎಲ್ಲಿ ಕಂಡಾನು? ಶುಕ್ರವಾರವೆಂದರೆ ಅವನಿಗೆ ಓವರ್‌ಟೈಮು. ಇವಳು ಶಾಲೆಗೆ ಹೋಗುವಾಗ ಅವನು ಡ್ಯೂಟಿಯಲ್ಲಿ, ಅವನು ಬರುವಾಗ ಇವಳು ಪುಸ್ತಕದಲ್ಲಿ. ಮಗಳು ಜಾಣೆ, ಮಗಳು ಹಟಮಾರಿ, ಮಗಳಿಗೆ ಲಗ್ನ ಆಗಬೇಕು, ಇಷ್ಟು ಅವನಿಗೆ ಗೊತ್ತಿತ್ತು. ಮಗಳು ಇಷ್ಟು ಸುಖವಾಗಿ ಇರಬಲ್ಲಳು ಎಂಬುದು ಗೊತ್ತಿರಲಿಲ್ಲ. ನಾಳೆ ಬಿಡು ಅಂದ್ರ ನಾಳೆನ ಬಿಡ್ತಾಳ ಅಂದುಬಿಟ್ಟೆನಲ್ಲ, ನನ್ನ ನಾಲಿಗಿಗೆ ಬೆಂಕಿ ಹಾಕ, ಅಂದುಕೊಂಡ. ಅವನ ಕಣ್ಣು ತುಂಬಿ ಬಂದವು, ಅದು ಸೊಂಟದ ನೋವಿಗಲ್ಲ.

ಹಕ್ಕಿ ಮೈ ಕೊಡವಿ, ಮರಕ್ಕೆ ಹಾರಿ, ಅಲ್ಲಿಂದ ಗೋಡೆಯಾಚೆ ಹೋಯಿತು. ಅಲೋಶಿಯಸ್ ತಂಬಿಗಿ ಹಿಡಿದವರು ಹಾಗೇ ಮುಂದಕ್ಕೆ ಕುಸಿದು, ಎರಡೂ ಕೈ ಕೆಸರಲ್ಲಿ ಊರಿ ಬಿಕ್ಕಿದರು. ತನ್ನ ಕಾಲಿಗೇ ಬಿದ್ದರೆಂದು ತಿಳಿದ ಗುರುಸಿದ್ದವ್ವ ಅವರ ಟೋಪಿಯ ಮೇಲೆ ಕೈ ಇಟ್ಟು, "ಇರ್ಲಿ ಏಳ್ರಿ ಮಾವಾರ, ನೂರು ವರ್ಷ ಬಾಳ್ರಿ," ಎಂದು ಹರಸಿದಳು.

"ಫೋಟೋ ಇಲ್ಲ," ಅಂದರು ಅಲೋಶಿಯಸ್ ಮೂಗು ಒರೆಸಿಕೊಳ್ಳುತ್ತ. "ಒಂದು ಫೋಟೋ ಇಲ್ಲ. ಇರ್ಲಿ, ಸಾಯುವ ತನಕ ಮರೆಯೋದಿಲ್ಲ ನಾನು."

ಗುರುಸಿದ್ದವ್ವ ಬಹಳ ಹೊತ್ತು ತನ್ನ ಪಾದಗಳನ್ನು ನೋಡಿಕೊಂಡಳು. ಆಮೇಲೆ ಜಮಖಾನದ ಮೇಲೆ ಕೂತಳು, ಸೆರಗು ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು. ಸಾಕ್ಷಿ ಬಂದು ಅಪ್ಪನ ಸೊಂಟಕ್ಕೆ ಕೈ ಕೊಟ್ಟು ನೆಟ್ಟಗೆ ನಿಲ್ಲಿಸುತ್ತಿದ್ದಳು.

"ಅಣ್ಣಾರ, ಮಾತು ಮುಗಿಸೂನು. ಲಗ್ನ ಆದಮ್ಯಾಲೆ ಇದನ್ನ ಬಿಡ್ತಾಳ ಅಂದ್ರಿ ನೀವು. ಅದು ಖರೇನ್ರಿ?"

"ಸುಳ್ಳರಿ ಅಕ್ಕಾರ," ಅಂದ ಮಲಕಾಜಪ್ಪ.

ಸಾಕ್ಷಿಯ ಕೈ ಅವನ ಸೊಂಟದ ಮೇಲೆ ಹಾಗೇ ನಿಂತಿತು.

"ಅಂಜಿ ಹೇಳಿದ್ನಿ. ಜೂನಿಗೆ ನಾ ಹೋಗ್ತೀನಿ, ಈಕಿ ಒಬ್ಬಾಕಿನ ಉಳೀತಾಳಂತ ಅಂಜಿದ್ನಿ. ಈಕಿ ಬಿಡಂಗಿಲ್ರಿ. ಬಿಡು ಅಂತ ನಾನೂ ಹೇಳಂಗಿಲ್ಲ. ನಿಮಗ ಅದು ಒಗ್ಗಂಗಿಲ್ಲ ಅಂದ್ರ, ಸಿಟ್ಟಾಗಬ್ಯಾಡ್ರಿ, ಬ್ಯಾರೆ ಹುಡುಗಿ ನೋಡ್ರಿ. ಉಪ್ಪಿಟ್ಟು ತಂದೀನಿ, ತಿಂದ ಹೋಗ್ರಿ."

ಆಯಿತು, ಮುರಿದೇ ಹೋಯಿತು, ಇನ್ನು ಬಸಲಿಂಗವ್ವನಿಗೆ ಯಾವ ಮುಖ ತೋರಿಸಲಿ ಎಂದುಕೊಂಡ.

ಗುರುಸಿದ್ದವ್ವ ಡಬ್ಬಿಯ ಮುಚ್ಚಳ ತೆಗೆದಳು. "ಸುಳ್ಳು ಹೇಳಿದ್ದು ತಪ್ಪಾತು ನೋಡ್ರಿ," ಅಂದಳು. "ಬಿಡ್ತಾಳೇನು ಅಂತ ಕೇಳಿದೆ, ಬಿಡಸ್ರಿ ಅನ್ನಲಿಲ್ಲ ನಾ. ಅಷ್ಟು ಸಣ್ಣ ಜೀವ, ನನ್ನ ಕಾಲಾಗ ಬಂದು ನೀರು ಕುಡೀತಲ್ರಿ! ನೋಡಿ ಮನಿಗೆ ಬರ್ತಾರ ಅಂತ ನೀವು ಅಂದಾಗ ನನಗೇನೂ ತಿಳೀಲಿಲ್ಲ. ಈಗ ತಿಳೀತು. ಶ್ರೀಕಾಂತಾ, ನೀ ಏನಂತಿ?"

"ನನ್ನ ಏನ ಕೇಳ್ತಿ ಯವ್ವಾ," ಅಂದ ಶ್ರೀಕಾಂತ ತೋಳಿನ ಕೆಸರು ಕೆರೆಯುತ್ತ. "ಅವ್ರನ್ನ ಕೇಳು."

ಎಲ್ಲರೂ ಸಾಕ್ಷಿಯ ಕಡೆ ತಿರುಗಿದರು. ಅಲೋಶಿಯಸ್ ಕೂಡ ಸೋದರಮಾವನ ಗತ್ತಿನಲ್ಲಿ ತಿರುಗಿದರು.

"ನಂಗಿನ್ನೂ ಗೊತ್ತಿಲ್ಲ ಆಂಟಿ," ಅಂದಳು ಸಾಕ್ಷಿ. "ಒಂದೇ ಸೈಟಿಂಗ್‌ನಾಗ ಯಾರೂ ಐಡೆಂಟಿಫೈ ಮಾಡಂಗಿಲ್ಲ. ಇನ್ನೊಂದಿಷ್ಟು ಸಲ ನೋಡಬೇಕು. ನಲ್ಲಿ ಓಪನ್ ಮಾಡಿದ್ದು ಗುಡ್. ಮುಂದಿನ ಶುಕ್ರವಾರ ಬರ್ಲಿ, ಈ ಶರ್ಟ್ ಬ್ಯಾಡ, ಆ ಸೆಂಟ್ ಅಂತೂ ಬ್ಯಾಡೇ ಬ್ಯಾಡ."

ಶ್ರೀಕಾಂತ ಕಿವಿಯವರೆಗೆ ಕೆಂಪಾಗಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿ ಹಾಕಿ ಮಾಡಿದ. ಗುರುಸಿದ್ದವ್ವ ನಕ್ಕು ಉಪ್ಪಿಟ್ಟು ಬಡಿಸತೊಡಗಿದಳು, ಮೊದಲ ತಟ್ಟೆ ಮಾವನವರಿಗೆ.

ಸಾಕ್ಷಿ ಅಪ್ಪನನ್ನು ಮುರಿದ ಗೋಡೆಯ ಮೇಲೆ ಮೆಲ್ಲಗೆ ಕೂರಿಸಿದಳು. ಅವಳ ಮುಖದಲ್ಲಿ ಇನ್ನೂ ಆ ಬೆಳಕು ಇತ್ತು. "ಅಪ್ಪಾ, ವಾಟ್ ಎ ಬರ್ಡ್! ಆ ಎದಿ ಕಲರ್ ನೋಡಿದೇನು? ಬಿಳಿ ಹುಬ್ಬು ನೋಡಿದೇನು?"

"ಇಲ್ಲವ್ವಾ."

"ವಾಟ್ ಡು ಯು ಮೀನ್ ಇಲ್ಲ? ನಿನ್ನ ಬಾಜೂಕ ಇತ್ತಲ್ಲ! ಎಲ್ಲಾರೂ ನೋಡಿದ್ರು, ಆಂಟಿ ಸೈತ ನೋಡಿದ್ರು. ಅಷ್ಟೊತ್ತು ನೀ ಎಲ್ಲಿ ನೋಡಾಕತ್ತಿದ್ದಿ?"

"ನಿನ್ನ ನೋಡಾಕತ್ತಿದ್ನಿ," ಅಂದ ಮಲಕಾಜಪ್ಪ.

ಸಾಕ್ಷಿ ತನ್ನ ಕೊರಳಿನ ದುರ್ಬೀನು ತೆಗೆದು ಅವನ ಕೊರಳಿಗೆ ಹಾಕಿದಳು, ಪಟ್ಟಿ ಸಿಕ್ಕಿಕೊಂಡಿದ್ದ ಕಾಲರನ್ನು ಬಿಡಿಸಿದಳು.

"ಮೇ ಮುಗಿಯೂ ತನಕ ಪ್ರತಿ ಶುಕ್ರವಾರ ನೀನೂ ಬರ್ತಿ," ಅಂದಳು.

"ಆತು," ಅಂದ ಮಲಕಾಜಪ್ಪ. ಓವರ್‌ಟೈಮಿನ ಮಾತು ಎತ್ತಲೇ ಇಲ್ಲ.